ಅಮೆರಿಕದ ಪೌರತ್ವ: ಈಗಲೇ ಅರ್ಜಿ ಹಾಕೋದಾ, ಇನ್ನೂ ಕಾಯೋದಾ?

ಸಾಗರದವ_ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ಗ್ರೀನ್ ಕಾರ್ಡ್ (ಇಲ್ಲಿ ಖಾಯಂ ಇರುವ ಪರವಾನಗಿ) ಬಂದು ಪೌರತ್ವಕ್ಕೆ ಬೇಕಾದ ಐದು ವರ್ಷ ಆಯಿತು. ಎಚ್-1ಬಿ ಕೆಲಸದ ವೀಸಾದಲ್ಲಿ ಎಷ್ಟು ಕಾದ ಮೇಲೆ ಅದು ಬಂತು ಅನ್ನೋದನ್ನು ಇಲ್ಲಿರುವ ಅರ್ಧ ಜನಕ್ಕೆ ನಾನು ಹೇಳಬೇಕಾಗಿಲ್ಲ. ಈಗ ಎನ್-400 (ಪೌರತ್ವದ ಅರ್ಜಿ) ಹಾಕೋಣ ಅಂತ ಕೂತರೆ ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟೆಸ್ಟ್ ಕಷ್ಟ ಮಾಡಿದ್ದಾರಂತೆ, ಅಕ್ಕಪಕ್ಕದ ಮನೆಗೆ ಬಂದು ವಿಚಾರಿಸುತ್ತಾರಂತೆ, ಸ್ಪೀಡಿಂಗ್ ಟಿಕೆಟ್ ಇದ್ದರೂ ತಕರಾರು ತೆಗೆಯುತ್ತಾರಂತೆ. ಇದರಲ್ಲಿ ನಿಜ ಯಾವುದು, ವಾಟ್ಸಾಪ್ ಪುರಾಣ ಯಾವುದು?

ನನ್ನ ವಿಷಯ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ಊರಿಗೆ ಹೋದವನು ವಾಪಸ್ ಬರುವಷ್ಟರಲ್ಲಿ ಆರು ತಿಂಗಳು ದಾಟಿತ್ತು. ಹೆಂಡತಿ, ಮಕ್ಕಳು ಇಲ್ಲೇ ಇದ್ದರು, ಕೆಲಸವೂ ಇಲ್ಲಿನದೇ, ಕಂಪನಿಯನ್ನು ಕೇಳಿ ಅಲ್ಲಿಂದಲೇ ಮಾಡುತ್ತಿದ್ದೆ. ಸ್ಪೀಡಿಂಗ್ ಟಿಕೆಟ್ ಒಂದೆರಡಿವೆ, ದಂಡ ಕಟ್ಟಿದ್ದೇನೆ. ಇನ್ನೊಂದು, ಊರಲ್ಲಿ ಅಪ್ಪನ ಹೆಸರಲ್ಲಿ ಅಡಿಕೆ ತೋಟ ಇದೆ. ನಾನು ಇಲ್ಲಿನ ಪ್ರಜೆ ಆದರೆ ಅದು ಕೈಬಿಟ್ಟು ಹೋಗುತ್ತೆ ಅಂತ ಚಿಕ್ಕಪ್ಪ ಹೆದರಿಸಿಟ್ಟಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಎಡಿಸನ್_ವಾಸಿ

ಟೆಸ್ಟ್, ಅಂದರೆ ಇಂಟರ್ವ್ಯೂನಲ್ಲಿ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಕೇಳುವ ಪ್ರಶ್ನೆಗಳು, ಬದಲಾಗಿರುವುದು ನಿಜ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆಲ್ಲ ಹೊಸದೇ. ಮೊದಲು 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6 ಸರಿ ಹೇಳಿದರೆ ಪಾಸು. ಈಗ ಪಟ್ಟಿ 128ರದ್ದು, ಅದರಲ್ಲಿ 20 ಕೇಳುತ್ತಾರೆ, 12 ಸರಿ ಇರಬೇಕು. 12 ಆದ ತಕ್ಷಣ ನಿಲ್ಲಿಸುತ್ತಾರೆ, 9 ತಪ್ಪಾದರೂ ನಿಲ್ಲಿಸುತ್ತಾರೆ. ಲೆಕ್ಕ ನೋಡಿದರೆ ಮೊದಲೂ ನೂರಕ್ಕೆ ಅರವತ್ತು, ಈಗಲೂ ಅಷ್ಟೇ. ಮೊದಲ ಸಲ ಆಗದಿದ್ದರೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ ಕೊಡುತ್ತಾರೆ.

ಪ್ರಶ್ನೆ ಸ್ವಲ್ಪ ಬಿಗಿಯಾಗಿವೆ. ಮೊದಲ 13 ರಾಜ್ಯಗಳಲ್ಲಿ ಮೂರು ಹೆಸರಿಸಿ ಅಂತಿದ್ದದ್ದು ಈಗ ಐದು ಆಗಿದೆ. ಸಂವಿಧಾನದ ಹತ್ತನೇ ತಿದ್ದುಪಡಿ ಯಾಕಿದೆ ಅಂತ ಕೇಳುತ್ತಾರೆ. ಅಮೆರಿಕದ ಒಂದು ಆವಿಷ್ಕಾರ ಹೇಳಿ ಅಂತ ಒಂದು ಪ್ರಶ್ನೆ ಇದೆ, ಅದಕ್ಕೆ ಇಂಟಿಗ್ರೇಟೆಡ್ ಸರ್ಕ್ಯೂಟ್ ಅಂದರೂ ನಡೆಯುತ್ತೆ, ನಮ್ಮ ಜನಕ್ಕೆ ಅಂತಲೇ ಇಟ್ಟ ಹಾಗಿದೆ 😄. ಪಿಯುಸಿ, ಸಿಇಟಿ ಅಂತ ಬಾಯಿಪಾಠ ಮಾಡಿ ಬಂದವರು ಇದಕ್ಕೆ ಹೆದರಬೇಕಾ? ರಾತ್ರಿ ಊಟ ಆದ ಮೇಲೆ ಹತ್ತತ್ತು ಪ್ರಶ್ನೆ ಓದಿಕೊಂಡರೂ ಎರಡು ವಾರ ಸಾಕು.

ಕಷ್ಟ ಇರುವುದು ವಯಸ್ಸಾದವರಿಗೆ. ನಮ್ಮಮ್ಮನ ವಿಷಯದಲ್ಲಿ ಒಂದು ಸೌಲಭ್ಯ ಕೈ ಹಿಡಿಯಿತು, ಮನೆಯಲ್ಲಿ ಹಿರಿಯರಿರುವವರು ನೆನಪಿಟ್ಟುಕೊಳ್ಳಿ. 65 ವಯಸ್ಸು ದಾಟಿ, ಗ್ರೀನ್ ಕಾರ್ಡ್ ಮೇಲೆ 20 ವರ್ಷ ಇಲ್ಲಿದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಅವರಿಗೆ ನಕ್ಷತ್ರದ ಗುರುತು ಹಾಕಿದ 20 ಪ್ರಶ್ನೆ ಮಾತ್ರ, ಅದರಲ್ಲಿ 10 ಕೇಳುತ್ತಾರೆ, 6 ಸರಿ ಇದ್ದರೆ ಆಯಿತು. ಹೊಸ ಟೆಸ್ಟಿನಲ್ಲೂ ಇದನ್ನು ಉಳಿಸಿದ್ದಾರೆ. ಅದೂ ಅವರ ಭಾಷೆಯಲ್ಲೇ ಉತ್ತರ ಹೇಳಬಹುದು. ನಾನು 20 ಪ್ರಶ್ನೆಯನ್ನೂ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಅಮ್ಮ ಆ ಹಾಳೆಯನ್ನು ಸಾಂಬಾರ್ ಡಬ್ಬಿಗೆ ಒರಗಿಸಿಟ್ಟುಕೊಂಡು, ಒಗ್ಗರಣೆ ಹಾಕುತ್ತಾ ಜೋರಾಗಿ ಹೇಳಿಕೊಳ್ಳುತ್ತಿದ್ದಳು. ಇಂಟರ್ವ್ಯೂನಲ್ಲಿ ಲಿಂಕನ್ ಏನು ಮಾಡಿದ ಅಂತ ಕೇಳಿದ್ದಕ್ಕೆ 'ಜೀತದಾಳುಗಳನ್ನು ಬಿಡಿಸಿದ' ಅಂದಳಂತೆ. ಕನ್ನಡ ಬರುವ ಪರಿಚಯದವರೊಬ್ಬರನ್ನು ಕರೆದುಕೊಂಡು ಹೋಗಿದ್ದೆವು, ಅವರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಪಾಸಾಯಿತು.

ಫ್ರೀಮಾಂಟ್_ಮಂಜಣ್ಣ

ಟೆಸ್ಟ್ ಬಗ್ಗೆ ಎಡಿಸನ್‌ನವರು ಹೇಳಿದ್ದು ಸರಿ. ಆದರೆ ಎಲ್ಲರೂ ಟೆಸ್ಟ್ ಟೆಸ್ಟ್ ಅಂತ ತಲೆ ಕೆಡಿಸಿಕೊಂಡು ಅಸಲು ಬಿಗಿಯಾದ ಜಾಗವನ್ನೇ ನೋಡುತ್ತಿಲ್ಲ. ಬಿಗಿಯಾಗಿರುವುದು ನಡತೆಯ ವಿಷಯ.

'ಒಳ್ಳೆ ನಡತೆ' ಇರಬೇಕು ಅನ್ನೋದು ಹೊಸದಲ್ಲ, ಮೊದಲಿಂದಲೂ ಕಾನೂನಿನಲ್ಲಿದೆ. ಇಷ್ಟು ದಿನ ಅದರ ಅರ್ಥ ಏನಿತ್ತು? ಪಟ್ಟಿಯಲ್ಲಿರುವ ಅಪರಾಧ ಮಾಡಿಲ್ಲ ಅಂದರೆ ಒಳ್ಳೆಯವನು, ಮುಗಿಯಿತು. 2025ರ ಆಗಸ್ಟ್ 15ರಂದು ಪೌರತ್ವದ ಅರ್ಜಿ ನೋಡುವ ಇಲಾಖೆ ಯುಎಸ್‌ಸಿಐಎಸ್ ಒಂದು ಸೂಚನೆ ಹೊರಡಿಸಿತು. ತಪ್ಪು ಮಾಡಿಲ್ಲ ಅಂದರೆ ಸಾಲದು, ಒಳ್ಳೆಯದು ಏನು ಮಾಡಿದ್ದೀರಿ ಅಂತಲೂ ಅಧಿಕಾರಿ ನೋಡಬೇಕು ಅಂತ. ತೆರಿಗೆ ಸರಿಯಾಗಿ ಕಟ್ಟಿದ್ದು, ಒಂದೇ ಕಡೆ ನಿಂತು ಕೆಲಸ ಮಾಡಿದ್ದು, ಓದು, ಮನೆಯವರನ್ನು ನೋಡಿಕೊಂಡದ್ದು, ಊರಿನ ಕೆಲಸಕ್ಕೆ ಕೈ ಹಾಕಿದ್ದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹಾಗೇ ಅಪರಾಧ ಅಲ್ಲದಿದ್ದರೂ ಜವಾಬ್ದಾರಿ ಇರುವ ಮನುಷ್ಯ ಮಾಡದಂಥ ನಡವಳಿಕೆಯನ್ನೂ ನೋಡಬಹುದು. ಅದಕ್ಕೆ ಅವರೇ ಕೊಟ್ಟ ಉದಾಹರಣೆ ಪದೇ ಪದೇ ಟ್ರಾಫಿಕ್ ನಿಯಮ ಮುರಿಯುವುದು. ನಿಮ್ಮ ಒಂದೆರಡು ಟಿಕೆಟ್ 'ಪದೇ ಪದೇ' ಅಲ್ಲ. ಹಾಗಂತ ಫಾರಂನಲ್ಲಿ ಮುಚ್ಚಿಡಬೇಡಿ. ಟಿಕೆಟ್‌ನಿಂದ ಅರ್ಜಿ ಕೆಡುವುದಕ್ಕಿಂತ ಜಾಸ್ತಿ, ಮುಚ್ಚಿಟ್ಟದ್ದರಿಂದ ಕೆಡುತ್ತದೆ.

ಪಕ್ಕದ ಮನೆಯ ವಿಚಾರಣೆ ಕೂಡ ಪುರಾಣ ಅಲ್ಲ. ಕಾನೂನಿನಲ್ಲಿ ಅದು ಮೊದಲಿಂದಲೂ ಇತ್ತು, 1991ರಿಂದ ಎಲ್ಲರಿಗೂ ಬಿಟ್ಟುಬಿಟ್ಟಿದ್ದರು. 2025ರ ಆಗಸ್ಟ್‌ನಲ್ಲಿ ಆ ಸಾರಾಸಗಟು ವಿನಾಯಿತಿ ತೆಗೆದರು. ಈಗ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಪ್ರತಿ ಅರ್ಜಿಗೂ ಅಧಿಕಾರಿ ತೀರ್ಮಾನ ಮಾಡಬಹುದು. ನೆರೆಯವರು, ಮ್ಯಾನೇಜರ್, ಜೊತೆ ಕೆಲಸದವರಿಂದ ಪತ್ರ ಕೇಳಬಹುದು. ಎರಡು ಮೂರು ಪತ್ರ ಮೊದಲೇ ಬರೆಸಿಟ್ಟುಕೊಂಡರೆ ನಷ್ಟ ಏನಿಲ್ಲ.

ಇನ್ನು ನಿಮ್ಮ ಊರಿನ ಪ್ರಯಾಣ. ನಿಜವಾದ ತಲೆನೋವು ಇದೇ, ಮತ್ತೆ ಇದು ಹಳೇ ನಿಯಮವೇ. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಇಲ್ಲಿನ ವಾಸ ಕಡಿದುಹೋಯಿತು ಅಂತಲೇ ಅವರು ಹಿಡಿಯುತ್ತಾರೆ. ಹಾಗಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಒಂದು ವರ್ಷ ದಾಟಿದ್ದರೆ ಸಾಮಾನ್ಯವಾಗಿ ವಾದಕ್ಕೂ ಜಾಗ ಇರುತ್ತಿರಲಿಲ್ಲ, ವಾಪಸ್ ಬಂದು 4 ವರ್ಷ 1 ದಿನ ಕಾಯಬೇಕಿತ್ತು. ನಿಮ್ಮದು ಅಷ್ಟು ದೂರ ಹೋಗಿಲ್ಲ. ಆ ತಿಂಗಳುಗಳ ಮನೆ ಸಾಲದ ಕಂತು, ಹೆಂಡತಿಯ ಪೇ ಸ್ಲಿಪ್, ಮಕ್ಕಳ ಶಾಲೆಯ ದಾಖಲೆ, ನಿಮ್ಮ ಸಂಬಳ ಇಲ್ಲಿನ ಬ್ಯಾಂಕಿಗೆ ಬಿದ್ದದ್ದು, ಅಪ್ಪನ ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ, ಎಲ್ಲ ಜೋಡಿಸಿ. ಮೊದಲಾಗಿದ್ದರೆ ಹಾಕಿ ನೋಡಿ ಅಂತಿದ್ದೆ. ಈಗ ಅಧಿಕಾರಿಯ ಕೈಯಲ್ಲಿ ಜಾಸ್ತಿ ಬಿಟ್ಟಿರುವುದರಿಂದ ಒಮ್ಮೆ ವಕೀಲರಿಗೆ ತೋರಿಸಿ ಹಾಕಿ.

ಇನ್ನೆರಡು ಕೇಳುತ್ತೇನೆ, ಇಲ್ಲಿ ಬರೆಯಬೇಡಿ, ನೀವೇ ನೋಡಿಕೊಳ್ಳಿ. ಆ ವರ್ಷ ತೆರಿಗೆಯನ್ನು ನಾನ್ ರೆಸಿಡೆಂಟ್ ಅಂತ ಕಟ್ಟಿದಿರಾ? ಹಾಗೆ ಕಟ್ಟಿದ್ದರೆ ನಾನು ಇಲ್ಲಿಯವನಲ್ಲ ಅಂತ ನೀವೇ ಬರೆದುಕೊಟ್ಟ ಹಾಗೆ. ಎರಡನೆಯದು, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಓಟರ್ ಪಟ್ಟಿಗೆ ಸೇರುತ್ತೀರಾ ಅಂತ ಕೇಳುತ್ತಾರಲ್ಲ, ಅಲ್ಲಿ ಅವಸರಕ್ಕೆ ಹೂಂ ಅಂದಿದ್ದೀರಾ? ನನಗೆ ಗೊತ್ತಿರುವ ಒಬ್ಬ ಹುಡುಗ ಕೌಂಟರ್‌ನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದವನು ಓದದೇ ಟಿಕ್ ಮಾಡಿ ಸಹಿ ಹಾಕಿದ್ದ. ಓಟು ಹಾಕಲಿಲ್ಲ, ಹೆಸರು ಮಾತ್ರ ಸೇರಿತ್ತು. ಯಾವತ್ತಾದರೂ ಓಟರ್ ಪಟ್ಟಿಗೆ ಸೇರಿದ್ದೀರಾ ಅಂತ ಎನ್-400 ನೇರವಾಗಿ ಕೇಳುತ್ತದೆ. ಈಗ ಅವನು ವಕೀಲರ ಬಾಗಿಲು ಕಾಯುತ್ತಿದ್ದಾನೆ.

ಉಪ್ಪಿಟ್ಟು_ಪ್ರೇಮಿ

ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ ಅಂದರೆ ಮೊದಲು ಅವರ ಹೆಸರು ತಿಳಿದುಕೊಳ್ಳಬೇಕು ನಾನು. ಇಷ್ಟು ವರ್ಷ ಕಸದ ಡಬ್ಬಿ ಹೊರಗಿಡುವಾಗ ಕೈ ಬೀಸಿದ್ದು ಬಿಟ್ಟರೆ ಮಾತೇ ಆಡಿಲ್ಲ. ನಾಳೆ ಕೋಡುಬಳೆ ಕೊಟ್ಟು ಬರುತ್ತೇನೆ.

ಹಳೇ_ಮೈಸೂರು

ಮಂಜಣ್ಣ, ವಿವರ ಎಲ್ಲ ಸರಿ, ಆದರೆ ನೀವು ಇದನ್ನು ತುಂಬ ಸಲೀಸಾಗಿ ಒಪ್ಪಿಕೊಂಡುಬಿಟ್ಟಿರಿ. 20 ಪ್ರಶ್ನೆ ಕೇಳಲಿ, 50 ಕೇಳಲಿ, ನನಗೆ ತಕರಾರಿಲ್ಲ. ಅದು ಎಲ್ಲರಿಗೂ ಒಂದೇ, ಓದಿದರೆ ಬರುತ್ತೆ. ಇವನು ಒಳ್ಳೆಯವನೋ ಅಲ್ಲವೋ ಅಂತ ಒಬ್ಬ ಅಧಿಕಾರಿ ಕೂತು ತೂಗುವುದಕ್ಕೆ ಏನು ಓದಿಕೊಂಡು ಹೋಗುತ್ತೀರಿ? ಐಟಿಯವರಿಗೆ ಸಂಬಳ, ತೆರಿಗೆ, ಡಿಗ್ರಿ ಎಲ್ಲ ಕಾಗದದ ಮೇಲಿದೆ, ತೋರಿಸುತ್ತಾರೆ. ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವನು, ಎರಡು ಕಡೆ ಅರ್ಧರ್ಧ ದಿನ ಕೆಲಸ ಮಾಡುವವಳು, ಅವರು ಎಲ್ಲಿಂದ ಪತ್ರ ತರುತ್ತಾರೆ? ಪೆಟ್ಟು ಬೀಳುವುದು ಅವರಿಗೆ, ನಮಗಲ್ಲ.

ಇನ್ನೊಂದು, ಬಾಗಿಲು ಬಿಗಿ ಮಾಡುವುದು ಈ ದೇಶಕ್ಕೆ ಹೊಸದೇನಲ್ಲ. 1790ರ ಮೊದಲ ಕಾನೂನಿನಲ್ಲಿ 2 ವರ್ಷ ಇದ್ದರೆ ಸಾಕಿತ್ತು, ಆದರೆ ಬಿಳಿಯರಿಗೆ ಮಾತ್ರ. 1795ರಲ್ಲಿ 5 ಆಯಿತು, 1798ರಲ್ಲಿ 14ಕ್ಕೆ ಏರಿಸಿದರು, 1802ರಲ್ಲಿ ಮತ್ತೆ 5ಕ್ಕೆ ಇಳಿಸಿದರು. ನಮ್ಮವರ ಕಥೆ ಬೇರೆಯೇ. ಭಗತ್ ಸಿಂಗ್ ಥಿಂದ್ ಅಂತ ಒಬ್ಬರಿದ್ದರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು. 1923ರಲ್ಲಿ ಸುಪ್ರೀಂ ಕೋರ್ಟ್ ನೀವು ಬಿಳಿಯರಲ್ಲ ಅಂದಿತು. ಅದಾದ ಮೇಲೆ, ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಲ್ಲೂ ಹಲವರದನ್ನು ಕಿತ್ತುಕೊಂಡರು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ಸುಮಾರು 100 ಜನ ವಲಸೆ ಬರಬಹುದು ಅಂತ. ಹಾಗಾಗಿ ಆಗಿನವರ ಮುಂದೆ ನಮ್ಮ ಪರದಾಟ ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಯಾರನ್ನು ಒಳಗೆ ಬಿಡಬೇಕು ಅಂತ ಅಧಿಕಾರಿಯ ಮನಸ್ಸಿಗೆ ಬಿಟ್ಟಾಗ ಏನಾಗುತ್ತೆ ಅನ್ನೋದನ್ನು ಆ ಕಾಲದವರು ಚೆನ್ನಾಗಿ ಉಂಡಿದ್ದಾರೆ.

ಫ್ರೀಮಾಂಟ್_ಮಂಜಣ್ಣ

ಒಪ್ಪಿಕೊಂಡಿಲ್ಲ ಸ್ವಾಮಿ, ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟೆ ಅಷ್ಟೇ. ಆದರೂ ಒಂದು ಮಾತು. ನಮ್ಮ ದೇಶದ ನಿಯಮ ನೋಡಿದ್ದೀರಾ? 1955ರ ಪೌರತ್ವ ಕಾಯ್ದೆ ಪ್ರಕಾರ ಹೊರಗಿನವರು ಅರ್ಜಿ ಹಾಕುವ ಮುಂಚಿನ 12 ತಿಂಗಳು ಪೂರ್ತಿ ಭಾರತದಲ್ಲಿರಬೇಕು, ಅದಕ್ಕೂ ಹಿಂದಿನ 14 ವರ್ಷದಲ್ಲಿ 11 ವರ್ಷ ಇದ್ದಿರಬೇಕು. ಒಳ್ಳೆ ನಡತೆ ಅಲ್ಲೂ ಕೇಳುತ್ತಾರೆ. ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು, ಅಂದರೆ ಕನ್ನಡ ಬಂದರೂ ಸಾಕು. ನಾವು ಇಲ್ಲಿ ಐದು ವರ್ಷಕ್ಕೆ ಗೊಣಗುತ್ತೇವೆ.

ಹಳೇ_ಮೈಸೂರು

ಐದು ವರ್ಷ ಅನ್ನಬೇಡಿ. ಭಾರತದಲ್ಲಿ ಹುಟ್ಟಿದವನಿಗೆ ಆ ಐದರ ಲೆಕ್ಕ ಶುರುವಾಗುವುದೇ ಗ್ರೀನ್ ಕಾರ್ಡ್ ಕ್ಯೂ ಮುಗಿದ ಮೇಲೆ. ನಮ್ಮಲ್ಲಿ ಸುಮಾರು ಜನಕ್ಕೆ ಎರಡೂ ಸೇರಿದರೆ ನೀವು ಹೇಳಿದ 11 ಮತ್ತು 1, ಒಟ್ಟು ಹನ್ನೆರಡು ವರ್ಷವನ್ನು ದಾಟುತ್ತೆ.

ತೀರ್ಥಹಳ್ಳಿ_ಟು_ಟೊರಾಂಟೊ

ತೋಟದ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ. ನಾನು ಇರುವುದು ಕೆನಡಾದಲ್ಲಿ, ಆದರೆ ಭಾರತದ ಈ ಕಾನೂನು ಇಬ್ಬರಿಗೂ ಒಂದೇ. ನಿಮ್ಮ ಚಿಕ್ಕಪ್ಪ ಹೇಳಿದ್ದು ಅರ್ಧ ನಿಜ. ಒಸಿಐ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇರುವವರು ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ, ದಾನಪತ್ರದ ಮೂಲಕ ತೆಗೆದುಕೊಳ್ಳುವ ಹಾಗೂ ಇಲ್ಲ. ಆದರೆ ಅಪ್ಪನಿಂದ ವಾರಸಿನಲ್ಲಿ ಬಂದರೆ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ಇರುವ ಭಾರತದ ಪ್ರಜೆಗೇ ಮಾರಬೇಕು.

ಮಜಾ ಏನು ಗೊತ್ತಾ, ಭಾರತದ ಪಾಸ್‌ಪೋರ್ಟ್ ಕೈಯಲ್ಲಿದ್ದರೂ ಎನ್‌ಆರ್‌ಐ ಆದ ಕೂಡಲೇ ಕೊಳ್ಳುವ ವಿಷಯದಲ್ಲಿ ಇದೇ ಕಟ್ಟು ಇದೆ. ಅಂದರೆ ಈ ನಿಯಮ ನಿಮಗೆ ಈಗಾಗಲೇ ಅನ್ವಯಿಸುತ್ತಿದೆ. ಪೌರತ್ವ ಬದಲಾದ ಮಾತ್ರಕ್ಕೆ ತೋಟ ಹೋಗಲ್ಲ. 2020ರಲ್ಲಿ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದರಲ್ಲ, ಅದನ್ನು ನಂಬಿಕೊಂಡು ಎನ್‌ಆರ್‌ಐಗಳು ಕೊಳ್ಳಲು ಹೋಗಬೇಡಿ. ಅದು ರಾಜ್ಯದ ಕಾನೂನು, ಇದು ಫೆಮಾ ಅನ್ನೋ ಕೇಂದ್ರದ ವಿದೇಶಿ ವಿನಿಮಯ ಕಾನೂನು, ಬೇರೆ ಬೇರೆ. ಅಪ್ಪ ಈಗಲೇ ನಿಮ್ಮ ಹೆಸರಿಗೆ ದಾನಪತ್ರ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನಿ, ವಿಲ್ ಬರೆಸಲಿ.

ಸಾಗರದವ_ಡಲ್ಲಾಸ್

ಎಲ್ಲರಿಗೂ ಥ್ಯಾಂಕ್ಸ್. ವಿಲ್ ವಿಷಯ ಇವತ್ತೇ ಅಣ್ಣನಿಗೆ ಹೇಳಿದೆ. ತೆರಿಗೆ ರೆಸಿಡೆಂಟ್ ಅಂತಲೇ ಕಟ್ಟಿದ್ದೇನೆ, ಓಟರ್ ಪಟ್ಟಿಯಲ್ಲೂ ಹೆಸರಿಲ್ಲ. ಅಪ್ಪನ ಆಸ್ಪತ್ರೆ ಕಾಗದ ಶಿವಮೊಗ್ಗದಿಂದ ತರಿಸಿಕೊಂಡು, ವಕೀಲರಿಗೆ ತೋರಿಸಿ ಹಾಕುತ್ತೇನೆ. ಆ ಪ್ರಯಾಣ ಐದು ವರ್ಷದ ಲೆಕ್ಕದಿಂದ ಹೊರಗೆ ಹೋಗುವ ತನಕ ಕಾಯೋಣ ಅನ್ನೋ ಯೋಚನೆಯೂ ಇತ್ತು. ಅಷ್ಟರಲ್ಲಿ ಇನ್ನೇನು ಬದಲಾಯಿಸುತ್ತಾರೋ ಅಂತ ಹೆಂಡತಿ ಒಪ್ಪುತ್ತಿಲ್ಲ. ಒಂದು ಕೊನೆ ಪ್ರಶ್ನೆ: ಪ್ರಮಾಣವಚನ ಆದ ಮೇಲೆ ಎಷ್ಟು ಬೇಗ ಊರಿಗೆ ಹೋಗಬಹುದು? ಅಪ್ಪನನ್ನು ಆಗಾಗ ಹೋಗಿ ನೋಡಬೇಕು.

ಎಡಿಸನ್_ವಾಸಿ

ಅಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು. ಪ್ರಮಾಣವಚನದ ದಿನ ಗ್ರೀನ್ ಕಾರ್ಡ್ ಅವರೇ ವಾಪಸ್ ತೆಗೆದುಕೊಳ್ಳುತ್ತಾರೆ. ಭಾರತದ ಪೌರತ್ವವೂ ಆ ಕ್ಷಣಕ್ಕೇ ಮುಗಿಯಿತು, ಹಳೇ ಪಾಸ್‌ಪೋರ್ಟಿನಲ್ಲಿ ಇನ್ನೂ ವರ್ಷ ಉಳಿದಿದ್ದರೂ ಅದನ್ನು ಹಿಡಿದು ಪ್ರಯಾಣ ಮಾಡಿದರೆ ತಪ್ಪು. ಅಮೆರಿಕದ ಪಾಸ್‌ಪೋರ್ಟ್ ಬರಬೇಕು, ಭಾರತದ್ದನ್ನು ಸರೆಂಡರ್ ಮಾಡಬೇಕು, ಆಮೇಲೆ ಒಸಿಐಗೆ ಹಾಕಬೇಕು. ಒಸಿಐ ಬರುವ ಮೊದಲೇ ಹೋಗಬೇಕಾದರೆ ವೀಸಾ ತೆಗೆದುಕೊಳ್ಳಿ, ಇ-ವೀಸಾ ಆದರೂ ಆಗುತ್ತೆ. ಅಪ್ಪನನ್ನು ನೋಡಿಕೊಂಡು ಬರುವುದಿದ್ದರೆ ಪ್ರಮಾಣವಚನಕ್ಕೆ ಮೊದಲೇ ಒಂದು ಸಣ್ಣ ಟ್ರಿಪ್ ಹಾಕಿಬಿಡಿ. ಈ ಸಲ ಮಾತ್ರ ಆರು ತಿಂಗಳ ಹತ್ತಿರಕ್ಕೂ ಹೋಗಬೇಡಿ ಮಾರಾಯ್ರೆ.