ಸಾಸಮೆಯ ಮೇಲಿನ ಅಪವಾದ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕನ್ನಡ ಲಿಪಿಯಲ್ಲಿಯೇ, ಅದೂ ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕೆಂಬುದು ದೊಡ್ಡಪ್ಪನವರ ಕಟ್ಟಳೆ. ಬದಿಯಡ್ಕದ ಕಡೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರ ಮಾತನ್ನು ಮೀರುವ ಧೈರ್ಯ ಯಾರಿಗೂ ಇಲ್ಲದಿರುವುದರಿಂದ ಅಲ್ಲಿ ಜಗಳ ಕೂಡ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ.

ಕಳೆದ ವಾರದ ಜಗಳಕ್ಕೆ ಕಾರಣವಾದ ಸಂದೇಶವನ್ನು ರವಾನಿಸಿದವರೂ ದೊಡ್ಡಪ್ಪನವರೇ. ಜಗತ್ತಿನಲ್ಲಿ ಹತ್ತು ಮಂದಿಗೊಬ್ಬರು ಪ್ರತಿವರ್ಷ ಹೋಟೆಲಿನ ಆಹಾರದಿಂದ ಕಾಯಿಲೆ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಮನೆಯ ಆಹಾರವನ್ನು ಮತ್ತೊಮ್ಮೆ ಕುದಿಸಿ ತಿಂದರೆ ಯಾವ ಅಪಾಯವೂ ಇಲ್ಲ ಎಂದು ಅದರಲ್ಲಿತ್ತು. ಅದರ ಕೆಳಗೆ ಅವರದೇ ಎರಡು ಸಾಲು: "ಹಿರಿಯರು ಮಡಿಯೆಂದು ಸುಮ್ಮನೆ ಹೇಳಿದ್ದಲ್ಲ. ಚೆರುವತ್ತೂರಿನಲ್ಲಿ ಆದದ್ದನ್ನು ಮರೆಯಬೇಡಿ."

ಬೆಂಗಳೂರಿನ ಭಾವ ಎಂದಿನಂತೆ ಮೂಲವೆಲ್ಲಿ ಎಂದು ಕೇಳಿದರು. ಯಾರಾದರೂ "ಇಂದು ಏಕಾದಶಿ" ಎಂದು ಬರೆದರೂ ಮೂಲ ಕೇಳುವ ಮನುಷ್ಯ ಅವರು. ಉತ್ತರಿಸಿದ್ದು ಮಂಗಳೂರಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಓದುತ್ತಿರುವ ಅಕ್ಕನ ಮಗಳು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವರ್ಷಕ್ಕೆ ಸುಮಾರು 60 ಕೋಟಿ ಮಂದಿ ಕಾಯಿಲೆ ಬೀಳುತ್ತಾರೆ, 4,20,000 ಮಂದಿ ಸಾಯುತ್ತಾರೆ, ಸತ್ತವರಲ್ಲಿ 1,25,000 ಮಂದಿ ಐದು ವರ್ಷದೊಳಗಿನ ಮಕ್ಕಳು. ಆದ್ದರಿಂದ ಹತ್ತಕ್ಕೊಬ್ಬರೆಂಬುದು ಸರಿ, ಆದರೆ ವರದಿಯಲ್ಲಿರುವುದು ಕಲುಷಿತ ಆಹಾರವೆಂಬ ಮಾತೇ ಹೊರತು ಹೋಟೆಲಿನ ಆಹಾರವೆಂದಲ್ಲ, ಆ ಪದವನ್ನು ದಾರಿಯಲ್ಲಿ ಯಾರೋ ಸೇರಿಸಿದ್ದಾರೆ ಎಂದು ಅವಳು ಬರೆದಳು. ಕುದಿಸುವ ವಿಚಾರದಲ್ಲಿಯೂ ಅವಳಿಗೆ ತಕರಾರಿತ್ತು. ಮನುಷ್ಯರ ಚರ್ಮದ ಮೇಲೂ ಗಾಯದಲ್ಲಿಯೂ ಇರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆಯುತ್ತ ಬಿಟ್ಟುಹೋಗುವ ವಿಷ ಕುದಿತಕ್ಕೂ ಜಗ್ಗುವುದಿಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ. 2022ರಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ಎಂಬ ಮಾಂಸದ ತಿಂಡಿ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಾಗ ರೋಗಿಗಳಲ್ಲಿ ಪತ್ತೆಯಾದದ್ದು ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ. ನೂರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹೊಟ್ಟೆ ಸೇರಿದರೂ ಅದು ಕಾಯಿಲೆ ತರಬಲ್ಲದು. ತೊಳೆಯದ ಕೈಯಿಂದಲೂ ಕೆಟ್ಟ ನೀರಿನಿಂದಲೂ ಹರಡುವ ಅದಕ್ಕೆ ಮಾಂಸದ ಅಡುಗೆಮನೆ, ಮಡಿಯ ಅಡುಗೆಮನೆ ಎಂಬ ಭೇದವಿಲ್ಲ.

ಇದನ್ನು ಯಾರೂ ಪೂರ್ತಿ ಓದಲಿಲ್ಲವೆಂಬುದಕ್ಕೆ ನೀರ್ಚಾಲಿನ ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಮುಂದಿನ ಸಂದೇಶವೇ ಸಾಕ್ಷಿ. ಅಜ್ಜಿಯ ಕಾಲದಲ್ಲಿ ಹಲಸಿನ ಹಣ್ಣನ್ನು ಅಂಗಳದಲ್ಲಿಯೇ ಕೊಯ್ದು ತಿನ್ನುತ್ತಿದ್ದುದನ್ನೂ, ಗುಡ್ಡ ಕೊರೆದು ಮಾಡಿದ ಸುರಂಗದ ನೀರನ್ನು ಸೋಸದೆಯೇ ಕುಡಿಯುತ್ತಿದ್ದುದನ್ನೂ, ಆದರೂ ಯಾರಿಗೂ ಏನೂ ಆಗದಿದ್ದುದನ್ನೂ ಅವರು ಒಂದು ಪುಟದಷ್ಟು ಬರೆದರು. ಏನೂ ಆಗಲಿಲ್ಲವೆಂಬುದನ್ನು ಒಪ್ಪುವುದು ನನಗೆ ಕಷ್ಟ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಅಜ್ಜಿಗೆ ಉಳಿದವರು ಆರು ಮಂದಿ, ಹೋದ ಮೂವರಲ್ಲಿ ಇಬ್ಬರಿಗೆ ಬಂದದ್ದು ವಾಂತಿಬೇಧಿ. ಇದನ್ನು ಬರೆಯಲು ಹೊರಟು ಅಳಿಸಿದೆ.

ಅಷ್ಟರಲ್ಲಿ ಭಾವ ಒಂದೇ ವಾಕ್ಯ ಬರೆದರು: "ಮನೆಯ ಊಟವೇ ಸುರಕ್ಷಿತವೆಂದಾದರೆ 2009ರ ಉಪನಯನದಲ್ಲಿ ಹದಿನೇಳು ಮಂದಿ ಮಲಗಿದ್ದು ಯಾವ ಹೋಟೆಲಿನ ಊಟದಿಂದ?"

ಹದಿನೈದು ವರ್ಷ ಯಾರೂ ಎತ್ತದಿದ್ದ ಮಾತು ಅದು. ಮೇ ತಿಂಗಳ ಉಪನಯನ. ಮಧ್ಯಾಹ್ನ ಊಟ ಮಾಡಿದವರು ಸಂಜೆ ನಾಲ್ಕರ ಹೊತ್ತಿಗೆ ವಾಂತಿ ಮಾಡತೊಡಗಿದ್ದರು. ಆ ದಿನ ಮನೆಯವರಷ್ಟೇ ಕೈಯಾರೆ ಮಾಡಿದ ಪದಾರ್ಥವೆಂದರೆ ಪೆರ್ಲದ ಅತ್ತೆಯ ಕಾಟುಮಾವಿನ ಸಾಸಮೆ ಒಂದೇ, ಉಳಿದದ್ದೆಲ್ಲ ಅಡುಗೆ ಭಟ್ಟರದ್ದು. ಕಾಡುಮಾವಿನ ಹಣ್ಣಿಗೆ ಕಾಯಿ, ಸಾಸಿವೆ ಅರೆದು ಬೆರೆಸುವ ಸಾಸಮೆಯನ್ನು ಕುದಿಸುವ ಕ್ರಮವೂ ಇಲ್ಲದ್ದರಿಂದ ಅಪವಾದ ನೇರವಾಗಿ ಅತ್ತೆಯ ಮೇಲೆ ಬಂತು. ಹೊರಿಸಿದವರು ದೊಡ್ಡಪ್ಪ. ಅಂದಿನಿಂದ ಅತ್ತೆ ಯಾವ ಜಂಬರ-ಸಮಾರಂಭಕ್ಕೂ ಏನನ್ನೂ ಮಾಡಿ ತಂದಿಲ್ಲ.

"ಅದು ಮುಗಿದ ವಿಷಯ, ಕೆದಕುವುದು ಸಂಸ್ಕಾರವಲ್ಲ" ಎಂದು ದೊಡ್ಡಪ್ಪ ಬರೆದರು. ಮುಗಿಸಿದವರು ಯಾರೆಂದು ಭಾವ ಕೇಳಿದರು. ಭಾವನನ್ನು ಆ ಉಪನಯನಕ್ಕೆ ಸರಿಯಾಗಿ ಕರೆದಿರಲಿಲ್ಲವೆಂಬ ಹಳೆಯ ಸಿಟ್ಟನ್ನು ಅಕ್ಕ ನೆನಪಿಸಿದಳು. ಮುಂದಿನ ನಲವತ್ತು ಸಂದೇಶಗಳು ಕರೆಯೋಲೆ ಯಾರ ಕೈಯಲ್ಲಿ ಹೋಗಿತ್ತೆಂಬುದರ ಕುರಿತಾಗಿದ್ದವು.

ಅಕ್ಕನ ಮಗಳು ಮಾತ್ರ ವಿಷಯ ಬಿಡಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಓಸ್ವೀಗೊ ಎಂಬಲ್ಲಿ ಚರ್ಚೊಂದರ ರಾತ್ರಿಯೂಟ ಮುಗಿಸಿದವರಿಗೆ ವಾಂತಿಬೇಧಿಯಾದಾಗ ತನಿಖೆಗಾರರು 75 ಮಂದಿಯನ್ನು ಮಾತನಾಡಿಸಿದರು, ಅವರಲ್ಲಿ ಕಾಯಿಲೆ ಬಿದ್ದವರು 46. ಆದರೆ ಕಾಯಿಲೆ ಬಿದ್ದವರನ್ನಷ್ಟೇ ಕೇಳದೆ ಆರೋಗ್ಯವಾಗಿದ್ದವರನ್ನೂ ಏನೇನು ತಿಂದಿರೆಂದು ಕೇಳಿದ್ದರಿಂದಲೇ ವೆನಿಲ್ಲಾ ಐಸ್‌ಕ್ರೀಮ್ ಸಿಕ್ಕಿಬಿತ್ತು ಎಂದು ಅವಳು ವಿವರಿಸಿದಳು. ಅದನ್ನು ತಿಂದ 54 ಮಂದಿಯಲ್ಲಿ 43 ಮಂದಿಗೆ ಕಾಯಿಲೆ, ತಿನ್ನದ 21 ಮಂದಿಯಲ್ಲಿ ಮೂವರಿಗಷ್ಟೇ. "ನಮ್ಮಲ್ಲಿ ಅಂದು ಹೀಗೆ ಯಾರಾದರೂ ಕೇಳಿದ್ದಾರೆಯೇ?"

ದೊಡ್ಡಪ್ಪನವರ ಉತ್ತರ: "ಚರ್ಚಿನ ಊಟದ ಕತೆ ನಮಗೇಕೆ?"

ಅವಳು ಆದರೂ ಕೇಳಿದಳು. ಯಾವ ಪಂಕ್ತಿಯಲ್ಲಿ ಕುಳಿತಿರಿ, ಹೋಳಿಗೆಗೆ ಕಾಯಿಹಾಲು ಹಾಕಿಸಿಕೊಂಡಿರೋ ತುಪ್ಪವೋ, ಸಾಸಮೆ ತಿಂದಿರೋ ಇಲ್ಲವೋ ಎಂಬ ಮೂರೇ ಪ್ರಶ್ನೆ. ಉತ್ತರಗಳಲ್ಲಿ ಹೆಚ್ಚಿನವು ಬಡಿಸಿದವರ ಅವಸರ ಮತ್ತು ಪಾಯಸದ ಜಿಪುಣತನದ ಬಗ್ಗೆಯೇ ಇದ್ದವು. ನಡುನಡುವೆ ಕೆಲವು ಕೆಲಸಕ್ಕೆ ಬಂದವು. ಸಕ್ಕರೆ ಕಾಯಿಲೆಯ ಅಪ್ಪಚ್ಚಿ ಹೋಳಿಗೆಯನ್ನೇ ಮುಟ್ಟಿರಲಿಲ್ಲ, ಅವರಿಗೇನೂ ಆಗಿರಲಿಲ್ಲ. ನಾನು ತುಪ್ಪ ಹಾಕಿಸಿಕೊಂಡಿದ್ದೆ, ನನಗೂ ಆಗಿರಲಿಲ್ಲ. ಮಲಗಿದವರಲ್ಲಿ ಹೆಚ್ಚಿನವರು ಎರಡನೆಯ ಪಂಕ್ತಿಯವರು, ಎಲ್ಲರೂ ಕಾಯಿಹಾಲಿನವರು. ಆ ಬೆಳಿಗ್ಗೆ ಕಾಯಿ ಹೆರೆಯುತ್ತಿದ್ದ ಹುಡುಗನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ತೆಂಗಿನ ತುರಿಯಿಂದ ಒದ್ದೆಯಾಗಿ ಜೋತುಬಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಹೂರ್ತಕ್ಕೆ ತೊಂದರೆಯಾಗಬಾರದೆಂದು ಕಾಯಿಹಾಲನ್ನು ಏಳು ಗಂಟೆಗೇ ಹಿಂಡಿಡಲು ಹೇಳಿದವರು ದೊಡ್ಡಪ್ಪ. ಮೇ ತಿಂಗಳ ಸೆಕೆಯಲ್ಲಿ ಅದು ಮಧ್ಯಾಹ್ನ ಒಂದು ಗಂಟೆಯವರೆಗೆ ಕೊಪ್ಪರಿಗೆಯಲ್ಲಿಯೇ ಕುಳಿತಿತ್ತು.

ಐದರಿಂದ ಅರವತ್ತು ಡಿಗ್ರಿ ಸೆಲ್ಸಿಯಸ್‌ನ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ, ಜ್ವರವಿಲ್ಲದೆ ವಾಂತಿಯೇ ಮುಂದಾಗಿ ಬಂದರೆ ಸ್ಟೆಫಿಲೊಕಾಕಸ್‌ನಂಥವುಗಳ ವಿಷದ ಮೇಲೆ ಗುಮಾನಿ ಬೀಳುತ್ತದೆ. ಮಾದರಿಯನ್ನು ಯಾರೂ ಪರೀಕ್ಷೆಗೆ ಕೊಡದ್ದರಿಂದ ಇದಕ್ಕಿಂತ ಹೆಚ್ಚಾಗಿ ಹೇಳಲಾಗದು ಎಂದು ಅವಳು ಬರೆದಳು. ಹದಿನೈದು ವರ್ಷದ ಹಿಂದಿನ ನೆನಪು ಪುರಾವೆಯಾಗುವುದಿಲ್ಲವೆಂದು ಭಾವ ತಕರಾರು ತೆಗೆದರು. ಅದು ಸರಿಯೇ, ನನ್ನ ಕಣ್ಣಿಗೆ ಕಟ್ಟಿದ ಬಟ್ಟೆಗೂ ಅದೇ ಮಾತು ಸಲ್ಲುತ್ತದೆ.

ಅಲ್ಲಿಯವರೆಗೆ ಒಂದಕ್ಷರವನ್ನೂ ಬರೆಯದಿದ್ದ ಪೆರ್ಲದ ಅತ್ತೆಯ ಸಂದೇಶ ರಾತ್ರಿ ಹತ್ತಕ್ಕೆ ಬಂತು: "ಸಾಸಮೆ ಮೊದಲನೆಯ ಪಂಕ್ತಿಗೇ ಮುಗಿದಿತ್ತು. ಎರಡನೆಯ ಪಂಕ್ತಿಗೆ ನಾನು ಬಡಿಸಿದ್ದು ಬರಿಯ ಉಪ್ಪಿನಕಾಯಿ."

ಗುಂಪಿನಲ್ಲಿ ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಕೊನೆಗೆ ದೊಡ್ಡಪ್ಪನವರು ತಮ್ಮ ಕಟ್ಟಳೆಯನ್ನು ತಾವೇ ಮುರಿದು, ವಾಕ್ಯವಿಲ್ಲದೆ, ಕೈಮುಗಿದ ಒಂದು ಚಿತ್ರವನ್ನು ಮಾತ್ರ ಹಾಕಿದರು.

"ಅದು ಯಾರಿಗೆಂದು ಪೂರ್ಣ ವಾಕ್ಯದಲ್ಲಿ ಬರೆಯಿರಿ, ಅಣ್ಣ" ಎಂದು ಅತ್ತೆ ಕೇಳಿದರು.