ಕೀಬೋರ್ಡ್‌ನ ಸೀಕ್ವೆನ್ಸರ್‌ನಲ್ಲಿ ಹಾಡು ಕಟ್ಟುವಾಗ ತಾಳ ಎಲ್ಲಿ ಜಾರುತ್ತದೆ?

ಪ್ರಶ್ನೆ:

ಮೇಡಂ, ನಮಸ್ಕಾರ. ನನ್ನ ಹತ್ತಿರ 16 ಟ್ರ್ಯಾಕ್‌ನ ಸೀಕ್ವೆನ್ಸರ್ (ನುಡಿಸಿದ್ದನ್ನು ಬರೆದಿಟ್ಟುಕೊಂಡು ಮತ್ತೆ ನುಡಿಸುವ ವ್ಯವಸ್ಥೆ) ಇರುವ ವರ್ಕ್‌ಸ್ಟೇಷನ್ ಕೀಬೋರ್ಡ್ ಇದೆ. ಸ್ವಂತ ಹಾಡೊಂದನ್ನು ಅದರಲ್ಲೇ ಕಟ್ಟಬೇಕೆಂದು ಎರಡು ತಿಂಗಳಿಂದ ಗುದ್ದಾಡುತ್ತಿದ್ದೇನೆ. ಮೊದಲು ಪಿಯಾನೊ ನುಡಿಸಿದೆ. ತಾಳ ತೋರಿಸುವ ಕ್ಲಿಕ್ ಸದ್ದು ಹಾಕಿಕೊಳ್ಳಲಿಲ್ಲ, ಅದು ಕೇಳುತ್ತಿದ್ದರೆ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಆಮೇಲೆ ಡ್ರಮ್ಸ್ ಸೇರಿಸಲು ಹೋದರೆ ಪಲ್ಲವಿ ಮುಗಿಯುವಷ್ಟರಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿದಿದ್ದವು. ಎಲ್ಲ ಅಳಿಸಿ, ಟೆಂಪೊ 92 (ನಿಮಿಷಕ್ಕೆ 92 ಬೀಟ್) ಇಟ್ಟು, ಕ್ಲಿಕ್ ಜೊತೆಗೆ ನುಡಿಸಿ ಕ್ವಾಂಟೈಸ್ ಮಾಡಿದೆ, ಅಂದರೆ ಸ್ವರಗಳನ್ನು ತಾಳದ ಗೆರೆಗೆ ಕೂರಿಸಿದೆ. ತಾಳಕ್ಕೆ ಕೂತಿತು, ಆದರೆ ಜೀವ ಹೋಯಿತು. ಕೊನೆಗೆ ಎಲ್ಲವನ್ನೂ ಆಡಿಯೊ ಆಗಿ ಕಂಪ್ಯೂಟರ್‌ಗೆ ತೆಗೆದುಕೊಂಡು, ಅಲ್ಲೂ 92 ಟೆಂಪೊ ಇಟ್ಟು ಒಂದು ಡ್ರಮ್ ಲೂಪ್ ಸೇರಿಸಿದೆ. ಶುರುವಿನಲ್ಲಿ ಸರಿಯಾಗಿಯೇ ಇದೆ. ನಾಲ್ಕನೇ ನಿಮಿಷಕ್ಕೆ ಬರುವಾಗ ಕಿಕ್ ಎರಡೆರಡು ಸಲ ಬಡಿದಂತೆ ಕೇಳುತ್ತದೆ. ಎರಡೂ ಕಡೆ 92 ಅಂತಲೇ ಇದೆಯಲ್ಲ, ತಪ್ಪು ಎಲ್ಲಿ?

ಉತ್ತರ:

ನಮಸ್ಕಾರ. ನೀವು ಬರೆದಿರುವುದರಲ್ಲಿ ಮೂರು ತೊಂದರೆಗಳಿವೆ. ಕ್ವಾಂಟೈಸ್ ವಿಷಯ ಆಮೇಲೆ ಹೇಳುತ್ತೇನೆ, ಉಳಿದ ಎರಡರ ಬೇರು ಒಂದೇ: ತಾಳ ಹಾಕುವ ಕೈ ಒಂದಕ್ಕಿಂತ ಹೆಚ್ಚಾಗಿದೆ. ಮೊದಲ ಸಲ ನಿಮ್ಮ ಮನಸ್ಸಿನ ತಾಳ ಒಂದು, ಸೀಕ್ವೆನ್ಸರ್‌ನ ತಾಳ ಇನ್ನೊಂದು. ಕೊನೆಯ ಸಲ ಕೀಬೋರ್ಡ್‌ನದು ಒಂದು, ಕಂಪ್ಯೂಟರ್‌ನದು ಇನ್ನೊಂದು.

ಕೊನೆಯದರಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಯಾರ ಅನುಮಾನಕ್ಕೂ ಬರುವುದಿಲ್ಲ. ಪರದೆಯ ಮೇಲೆ ಕಾಣುವ 92 ಒಂದು ಅಂಕಿ ಅಷ್ಟೇ. ಅದನ್ನು ನಿಜವಾದ ಸಮಯಕ್ಕೆ ಇಳಿಸುವುದು ಕೀಬೋರ್ಡ್‌ನ ಒಳಗಿರುವ ಗಡಿಯಾರ. ಕಂಪ್ಯೂಟರ್ ಕಡೆ ಆ ಕೆಲಸ ಆಡಿಯೊ ಇಂಟರ್‌ಫೇಸ್‌ನ ಗಡಿಯಾರದ್ದು. ಎರಡು ಗಡಿಯಾರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓಡುವುದಿಲ್ಲ. ಜೊತೆಗೆ ಕೆಲವು ಕೀಬೋರ್ಡ್‌ಗಳು ಟೆಂಪೊವನ್ನು ಒಳಗೆ ಲೆಕ್ಕ ಹಾಕುವಾಗ ಹತ್ತಿರದ ಸಂಖ್ಯೆಗೆ ಸರಿಹೊಂದಿಸಿಕೊಳ್ಳುತ್ತವೆ. 92ರ ಬದಲು 92.01 ಆಯಿತು ಅಂದುಕೊಳ್ಳಿ. ನಾಲ್ಕು ನಿಮಿಷಕ್ಕೆ 26 ಮಿಲಿಸೆಕೆಂಡು ಮುಂದೆ ಓಡಿರುತ್ತದೆ. ಪ್ಯಾಡ್, ಸ್ಟ್ರಿಂಗ್ಸ್ ಆದರೆ ಗೊತ್ತಾಗುವುದಿಲ್ಲ. ಕಿಕ್ ಮೇಲೆ ಕಿಕ್ ಬಿದ್ದರೆ ಕಿವಿ ತಕ್ಷಣ ಹಿಡಿಯುತ್ತದೆ.

ನಿಮ್ಮ ಕೀಬೋರ್ಡ್ ಎಷ್ಟು ಓಡುತ್ತಿದೆ ಎಂದು ನೀವೇ ಅಳೆಯಬಹುದು. 4/4ರಲ್ಲಿ, ಅಂದರೆ ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) ನಾಲ್ಕು ಬೀಟ್ ಇರುವಾಗ, ಒಂದು ಚೆಂದದ ಲೆಕ್ಕವಿದೆ: ಟೆಂಪೊ ಎಷ್ಟೋ ಅಷ್ಟೇ ಬಾರ್ ನುಡಿದರೆ ಸರಿಯಾಗಿ ನಾಲ್ಕು ನಿಮಿಷ. 92 ಟೆಂಪೊದಲ್ಲಿ 92 ಬಾರ್, ಅಂದರೆ 368 ಬೀಟ್, 240 ಸೆಕೆಂಡು. ಖಾಲಿ ಸಾಂಗ್ ಒಂದನ್ನು ತೆಗೆದುಕೊಂಡು ಪ್ರತಿ ಬಾರ್‌ನ ಮೊದಲ ಬೀಟ್‌ಗೆ ಒಂದೊಂದು ಕಿಕ್ ಇಡಿ, 100 ಬಾರ್‌ವರೆಗೆ ಕಾಪಿ ಮಾಡಿ, ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಿ. 2ನೇ ಬಾರ್‌ನ ಕಿಕ್ ಏಳುವ ಜಾಗದಿಂದ 94ನೇ ಬಾರ್‌ನ ಕಿಕ್ ಏಳುವ ಜಾಗದವರೆಗೆ, ಅಲೆಯ ಚಿತ್ರವನ್ನು ಚೆನ್ನಾಗಿ ಹಿಗ್ಗಿಸಿಕೊಂಡು ಅಳೆಯಿರಿ. 22,080 ಅನ್ನು ನಿಮಗೆ ಬಂದ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ಟೆಂಪೊ ಸಿಗುತ್ತದೆ. ಆ ಸಂಖ್ಯೆಯನ್ನು ದಶಮಾಂಶದ ಸಮೇತ ಕಂಪ್ಯೂಟರ್‌ನಲ್ಲಿ ಹಾಕಿದರೆ ಲೂಪ್ ಹಾಡಿನುದ್ದಕ್ಕೂ ಜೊತೆಗೇ ನಡೆಯುತ್ತದೆ. ಈಗಾಗಲೇ ಆಡಿಯೊ ತೆಗೆದಿರುವ ನಿಮಗೆ ಇದೇ ಸುಲಭದ ದಾರಿ.

ಹೊಸದಾಗಿ ಶುರುಮಾಡುವುದಾದರೆ ಕಂಪ್ಯೂಟರನ್ನು ಯಜಮಾನ ಮಾಡಿ. ಕೀಬೋರ್ಡ್‌ನ ಕ್ಲಾಕ್ ಸೆಟ್ಟಿಂಗನ್ನು ಇಂಟರ್ನಲ್‌ನಿಂದ ಎಕ್ಸ್‌ಟರ್ನಲ್‌ಗೆ ಬದಲಿಸಿ, ಕಂಪ್ಯೂಟರ್‌ನಿಂದ ಮಿಡಿ ಕ್ಲಾಕ್ ಕಳಿಸಿ. ಮಿಡಿ ಎಂದರೆ ವಾದ್ಯ, ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಭಾಷೆ, ಕ್ಲಾಕ್ ಎಂದರೆ ಅದರಲ್ಲಿ ಬರುವ ತಾಳದ ಸಂಕೇತ. ಒಂದು ಬೀಟ್‌ಗೆ 24 ಸಲ ಈ ಕ್ಲಾಕ್ ಬರುತ್ತದೆ. 92 ಟೆಂಪೊದಲ್ಲಿ ಹೆಚ್ಚುಕಡಿಮೆ 27 ಮಿಲಿಸೆಕೆಂಡಿಗೊಮ್ಮೆ. ನಡುವಿನ ಜಾಗವನ್ನು ಕೀಬೋರ್ಡ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಹಾಗಾಗಿ ಒಂದೊಂದು ಸ್ವರ ಒಂದೆರಡು ಮಿಲಿಸೆಕೆಂಡು ಆಚೀಚೆ ಅಲುಗಬಹುದು, ಆದರೆ ಹಾಡು ಎಷ್ಟೇ ಉದ್ದವಿದ್ದರೂ ಒಟ್ಟಾರೆ ಜಾರುವುದಿಲ್ಲ. ಎಕ್ಸ್‌ಟರ್ನಲ್‌ನಲ್ಲಿ ಇಟ್ಟ ಮೇಲೆ ಕೀಬೋರ್ಡ್‌ನ ಪ್ಲೇ ಬಟನ್ ಒತ್ತಿದರೆ ಏನೂ ಓಡದೆ ಇರಬಹುದು, ಗಾಬರಿಯಾಗಬೇಡಿ. ಅದು ಕಂಪ್ಯೂಟರ್‌ನ ಅಪ್ಪಣೆಗೆ ಕಾಯುತ್ತಿರುತ್ತದೆ.

ಇನ್ನು ಕ್ಲಿಕ್ ವಿಷಯ. ಕೈ ಕಟ್ಟಿಹಾಕಿದ ಹಾಗಾಗುತ್ತದೆ ಎಂದಿರಿ, ಆ ಕಷ್ಟ ನನಗೂ ಗೊತ್ತು. ಅದಕ್ಕೆ ಟಿಕ್‌ಟಿಕ್ ಸದ್ದನ್ನೇ ಕೇಳಬೇಕೆಂದಿಲ್ಲ. ಮೊದಲ ಟ್ರ್ಯಾಕ್ ಆಗಿ ಎರಡು ಬಾರ್‌ನ ಸರಳ ಡ್ರಮ್ ಪ್ಯಾಟರ್ನ್ ಮಾಡಿ, ಕಿಕ್, ಸ್ನೇರ್, ಹೈ-ಹ್ಯಾಟ್ ಇಷ್ಟೇ, ಅದನ್ನು ಹಾಡಿನುದ್ದಕ್ಕೂ ಓಡಿಸಿ. ಅದರ ಮೇಲೆ ಪಿಯಾನೊ ನುಡಿಸಿ ನೋಡಿ, ಕೈ ತಾನಾಗಿಯೇ ಸಡಿಲವಾಗುತ್ತದೆ. ಕೊನೆಯಲ್ಲಿ ಆ ಟ್ರ್ಯಾಕ್ ತೆಗೆದು ಒಳ್ಳೆಯ ಡ್ರಮ್ಸ್ ನುಡಿಸಿಕೊಂಡರಾಯಿತು. ಟೆಂಪೊ ಆರಿಸುವಾಗ ಬಾಯಲ್ಲಿ ಹಾಡಿಕೊಂಡೇ ಆರಿಸಿ. ಚರಣದ ಅತಿ ಉದ್ದದ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಲು ಆಗುತ್ತದೆಯೇ ಎಂಬುದನ್ನು ಬೆರಳು ಹೇಳುವುದಿಲ್ಲ, ಗಂಟಲು ಹೇಳುತ್ತದೆ.

ಮೊದಲ ಬಾರ್ ಖಾಲಿ ಬಿಡಿ, ಹಾಡನ್ನು 2ನೇ ಬಾರ್‌ನಿಂದ ಶುರುಮಾಡಿ. ಇದನ್ನು ನನ್ನ ಹತ್ತಿರ ಬರುವ ಎಲ್ಲರಿಗೂ ಹೇಳುತ್ತೇನೆ. ಹುರುಪಿನಲ್ಲಿ ಮೊದಲ ಸ್ವರವನ್ನು ಯಾರೇ ಆಗಲಿ ಚೂರು ಮುಂಚೆ ಒತ್ತಿಬಿಡುತ್ತಾರೆ. ರೆಕಾರ್ಡಿಂಗ್ ಆಗಿನ್ನೂ ಕೌಂಟ್-ಇನ್‌ನಲ್ಲಿ (ಶುರುವಿಗೆ ಮುಂಚಿನ ಎಣಿಕೆಯಲ್ಲಿ) ಇದ್ದರೆ ಆ ಸ್ವರ ದಾಖಲಾಗದೆ ಹೋಗಬಹುದು. ಆಮೇಲೆ ಕೇಳಿದರೆ ಮೊದಲ ಕಾರ್ಡ್‌ನಲ್ಲಿ ಒಂದು ಬೆರಳೇ ಮಾಯ! ಖಾಲಿ ಬಾರ್‌ನಿಂದ ಇನ್ನೊಂದು ಉಪಯೋಗವೂ ಇದೆ. ಪ್ರತಿ ಟ್ರ್ಯಾಕ್‌ನ ಧ್ವನಿ, ವಾಲ್ಯೂಮ್, ಪ್ಯಾನ್ ಬದಲಾಯಿಸುವ ಸಂದೇಶಗಳು ಹಾಡಿನ ಆರಂಭದಲ್ಲಿರುತ್ತವೆ. ಹಳೆಯ ಐದು ಪಿನ್ನಿನ ಮಿಡಿ ಕೇಬಲ್‌ನಲ್ಲಿ ಸೆಕೆಂಡಿಗೆ 31,250 ಬಿಟ್ ಮಾತ್ರ ಹೋಗುತ್ತದೆ, ಒಂದು ಸ್ವರದ ಸಂದೇಶಕ್ಕೇ ಸುಮಾರು ಒಂದು ಮಿಲಿಸೆಕೆಂಡು ಬೇಕು. ಹದಿನಾರು ಟ್ರ್ಯಾಕ್‌ನ ಸೆಟ್ಟಿಂಗ್ ಎಲ್ಲ ಮೊದಲ ಕಾರ್ಡ್ ಜೊತೆಗೇ ನುಗ್ಗಿದರೆ ಕಾರ್ಡ್ ಹಿಂದೆ ಬೀಳುತ್ತದೆ. ಮೊದಲ ಬಾರ್‌ನಲ್ಲೇ ಅವು ಹೋಗಿಬಿಟ್ಟರೆ ದಾರಿ ಖಾಲಿ.

ಕ್ವಾಂಟೈಸ್ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು, ಜೀವ ಹೋಗುವುದು ಅಲ್ಲೇ. ಕ್ವಾಂಟೈಸ್ ಮಾಡುವುದೆಂದರೆ ನೀವು ನುಡಿಸಿದ ಪ್ರತಿ ಸ್ವರವನ್ನೂ ಹತ್ತಿರದ ಗೆರೆಗೆ ಎಳೆದು ಕೂರಿಸುವುದು. 16ನೇ ಸ್ವರದ ಗೆರೆ ಕೊಟ್ಟರೆ 92 ಟೆಂಪೊದಲ್ಲಿ ಗೆರೆಯಿಂದ ಗೆರೆಗೆ 163 ಮಿಲಿಸೆಕೆಂಡು. ಅಕ್ಕಪಕ್ಕದ ಎರಡು ಸ್ವರಗಳನ್ನು ಸವರಿ ಮುಖ್ಯ ಸ್ವರಕ್ಕೆ ಬಂದಿದ್ದೀರಿ ಅಂದುಕೊಳ್ಳಿ. ಆ ಮೂರೂ ಒಂದೇ ಗೆರೆಗೆ ಹೋಗಿ ಕೂತು, ಗಮಕದ ಜಾಗದಲ್ಲಿ ಒಂದು ಕೆಟ್ಟ ಕಾರ್ಡ್ ಕೇಳುತ್ತದೆ. ಮೆಲೊಡಿಗೆ ನಾನು ಕ್ವಾಂಟೈಸ್ ಮುಟ್ಟಿಸುವುದೇ ಇಲ್ಲ. ತಪ್ಪಿದ ಒಂದೆರಡು ಸ್ವರವನ್ನು ಮಾತ್ರ ಕೈಯಲ್ಲಿ ಸರಿಸುತ್ತೇನೆ. ಕಿಕ್ ಮತ್ತು ಬಾಸ್‌ಗೆ ಪೂರ್ತಿ ಕೊಡಿ, ನಷ್ಟವಿಲ್ಲ. ಪಿಯಾನೊ, ಗಿಟಾರ್ ಧ್ವನಿಗಳಿಗೆ ಸ್ಟ್ರೆಂಗ್ತ್ ಎಂಬ ಆಯ್ಕೆಯನ್ನು 50ರಿಂದ 70 ಶೇಕಡಾ ಇಟ್ಟು ನೋಡಿ. ಆಗ ಸ್ವರ ಗೆರೆಯ ಕಡೆಗೆ ಅರ್ಧ ದಾರಿ ಹೋಗಿ ನಿಲ್ಲುತ್ತದೆ, ನಿಮ್ಮ ಕೈಯ ಗುರುತು ಉಳಿಯುತ್ತದೆ. ನುಡಿಸುವಾಗಲೇ ಸರಿಪಡಿಸುವ ಇನ್‌ಪುಟ್ ಕ್ವಾಂಟೈಸ್ ಇದ್ದರೆ ಆಫ್ ಮಾಡಿ, ಅದರಲ್ಲಿ ನುಡಿಸಿದ್ದು ಮೂಲ ರೂಪದಲ್ಲಿ ಮತ್ತೆ ಸಿಗುವುದಿಲ್ಲ. ಏನು ಮಾಡುವ ಮುಂಚೆಯೂ ಟ್ರ್ಯಾಕನ್ನು ಖಾಲಿ ಟ್ರ್ಯಾಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ಪೆಡಲ್ ಬಳಸಿದ್ದರೆ ಕ್ವಾಂಟೈಸ್ ಆದಮೇಲೆ ಕಿವಿಗೊಟ್ಟು ಕೇಳಿ. ಸ್ವರಗಳು ಸರಿದು ಪೆಡಲ್ ಇದ್ದಲ್ಲೇ ಉಳಿದಿದ್ದರೆ ಹಿಂದಿನ ಕಾರ್ಡ್ ಮುಂದಿನದರ ಮೇಲೆ ಕಲಸಿಕೊಳ್ಳುತ್ತದೆ.

ಇನ್ನೊಂದು. ಸ್ಟ್ರಿಂಗ್ಸ್ ಟ್ರ್ಯಾಕ್ ಗೆರೆಯ ಮೇಲೆ ಸರಿಯಾಗಿ ಕೂತಿದ್ದರೂ ತಡವಾಗಿ ಕೇಳಿಸಬಹುದು. ಆ ಧ್ವನಿ ನಿಧಾನವಾಗಿ ಏಳುತ್ತದೆ, ತಪ್ಪು ನಿಮ್ಮ ಕೈಯದಲ್ಲ. ಇಡೀ ಟ್ರ್ಯಾಕನ್ನು ಸ್ವಲ್ಪ ಮುಂಚೆ ಬರುವಂತೆ ಸರಿಸಿ. ಒಂದು ಬೀಟ್‌ಗೆ 480 ಟಿಕ್ ಇರುವ ಸೀಕ್ವೆನ್ಸರ್‌ನಲ್ಲಿ 92 ಟೆಂಪೊಗೆ ಒಂದು ಟಿಕ್ ಅಂದರೆ 1.36 ಮಿಲಿಸೆಕೆಂಡು. 30ರಿಂದ 40 ಟಿಕ್ ಮುಂಚೆ ತಂದರೆ ಸ್ಟ್ರಿಂಗ್ಸ್ ಹಾಡಿನ ಜೊತೆ ಉಸಿರಾಡಲು ಶುರುಮಾಡುತ್ತದೆ. ಎಷ್ಟು ಟಿಕ್ ಎಂಬುದನ್ನು ಕಣ್ಣು ಮುಚ್ಚಿಕೊಂಡು ಕಿವಿಯಿಂದಲೇ ತೀರ್ಮಾನಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:

ಅಕ್ಕ, ನಾನು ಕ್ಲಿಕ್ ಜೊತೆಗೇ ನುಡಿಸುತ್ತೇನೆ. ಆದರೂ ಹಾಡಿ ರೆಕಾರ್ಡ್ ಮಾಡಿದ್ದು ಪ್ರತಿ ಸಲ ಹಿಂದೆ ಬೀಳುತ್ತದೆ, ಅದೂ ಒಂದೇ ಸಮ ಹಿಂದೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಹಾಡುತ್ತೇನೆ.

ಉತ್ತರ:

ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ, ತಮ್ಮ. ಬ್ಲೂಟೂತ್‌ನಲ್ಲಿ ಧ್ವನಿ ಕಿವಿಗೆ ಬರುವಷ್ಟರಲ್ಲಿ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗುವುದು ಸಾಮಾನ್ಯ. ನೀವು ಸರಿಯಾಗಿಯೇ ಹಾಡುತ್ತಿದ್ದೀರಿ, ಆದರೆ ತಡವಾಗಿ ಬಂದ ತಾಳಕ್ಕೆ. ರೆಕಾರ್ಡಿಂಗ್ ಎಂದರೆ ವಯರ್ ಇರುವ ಹೆಡ್‌ಫೋನ್ ಮಾತ್ರ, ಅದೂ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಇಲ್ಲದಿದ್ದರೆ ಕ್ಲಿಕ್ ಸೋರಿ ಮೈಕ್‌ಗೆ ಹೋಗುತ್ತದೆ. ಈಗಾಗಲೇ ಹಾಡಿರುವುದನ್ನು ಬಿಸಾಡಬೇಡಿ. ಒಂದೇ ಸಮ ಹಿಂದಿದೆ ಎಂದಿದ್ದೀರಲ್ಲ, ಇಡೀ ಟ್ರ್ಯಾಕನ್ನು ಅಷ್ಟೇ ಮುಂಚೆ ಬರುವಂತೆ ಸರಿಸಿದರೆ ಬಹುಪಾಲು ಉಳಿಯುತ್ತದೆ.

ಮತ್ತೊಬ್ಬರು:

ಮೇಡಂ, ಕೀಬೋರ್ಡನ್ನು ಕಂಪ್ಯೂಟರ್‌ಗೆ ಯುಎಸ್‌ಬಿ ಮೂಲಕ ಜೋಡಿಸಿದ ಕೂಡಲೇ ಒಂದು ಕೀ ಒತ್ತಿದರೆ ಎರಡು ಸ್ವರ ಬಂದ ಹಾಗೆ, ಧ್ವನಿ ಡಬ್ಬಿಯೊಳಗಿಂದ ಬಂದ ಹಾಗೆ ಆಗುತ್ತದೆ. ಇನ್ನೊಂದು, ಕಷ್ಟದ ಭಾಗವನ್ನು ನಿಧಾನ ಟೆಂಪೊದಲ್ಲಿ ರೆಕಾರ್ಡ್ ಮಾಡಿ ಆಮೇಲೆ ಹೆಚ್ಚಿಸಿದರೆ ಅದು ಮೋಸವೇ?

ಉತ್ತರ:

ಮೊದಲನೆಯದಕ್ಕೆ: ಕೀಬೋರ್ಡ್‌ನಲ್ಲಿ ಲೋಕಲ್ (ಕೀಗಳಿಂದ ಅದರ ಒಳಗಿನ ಧ್ವನಿಗೆ ಇರುವ ನೇರ ಸಂಪರ್ಕ) ಆಫ್ ಮಾಡಿ. ನೀವು ಒತ್ತಿದ ಸ್ವರ ಒಳಗೇ ಒಮ್ಮೆ ನುಡಿದು, ಕಂಪ್ಯೂಟರ್‌ಗೆ ಹೋಗಿ ವಾಪಸ್ ಬಂದು ಇನ್ನೊಮ್ಮೆ ನುಡಿಯುತ್ತಿದೆ. ಕಂಪ್ಯೂಟರ್ ಇಲ್ಲದೆ ನುಡಿಸುವಾಗ ಲೋಕಲ್ ಆನ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಕೀಬೋರ್ಡ್ ಸತ್ತೇಹೋಯಿತೇನೋ ಎನಿಸುತ್ತದೆ.

ಎರಡನೆಯದಕ್ಕೆ: ಮೋಸವೇನೂ ಇಲ್ಲ. ಸೀಕ್ವೆನ್ಸರ್ ಧ್ವನಿಯನ್ನು ದಾಖಲಿಸುವುದಿಲ್ಲ, ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಟೆಂಪೊ ಏರಿಸಿದರೂ ಶ್ರುತಿ ಬದಲಾಗುವುದಿಲ್ಲ. ಆದರೆ 70ರಲ್ಲಿ ನುಡಿಸಿದ ಅಲಂಕಾರಗಳು 92ಕ್ಕೆ ಏರಿದಾಗ ಅವಸರದಲ್ಲಿ ಮುದುಡಿಕೊಂಡಂತೆ ಕೇಳುತ್ತವೆ. ಹತ್ತು, ಹನ್ನೆರಡು ಟೆಂಪೊ ಇಳಿಸಿಕೊಳ್ಳಿ, ಅದಕ್ಕಿಂತ ಕೆಳಗೆ ಹೋಗಬೇಡಿ. ಹಾಡುವುದಕ್ಕೆ ಮುಂಚೆ ಟೆಂಪೊವನ್ನು ಕೊನೆಯದಾಗಿ ನಿಗದಿ ಮಾಡಿ. ಆಡಿಯೊ ಬಂದ ಮೇಲೆ ಬದಲಿಸಿದರೆ ದನಿಯ ಗುಣ ಕೆಡುತ್ತದೆ.

ಸೇವ್ ಮಾಡುವ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕಲಿಯುತ್ತಿದ್ದ ಕಾಲದ ಕೀಬೋರ್ಡ್‌ನಲ್ಲಿ ಎಂಟು ಟ್ರ್ಯಾಕ್ ಇತ್ತು. ಇಡೀ ದಿನ ಕೂತು ಎಂಟನ್ನೂ ತುಂಬಿಸಿ, ನಾಳೆ ಕೇಳೋಣ ಎಂದು ಸ್ವಿಚ್ ಆಫ್ ಮಾಡಿದೆ. ಮರುದಿನ ಒಳಗೆ ಏನೂ ಇರಲಿಲ್ಲ. ಅದರಲ್ಲಿ ಬಾಸ್ ಟ್ರ್ಯಾಕ್ ಒಂದು ತುಂಬ ಚೆನ್ನಾಗಿ ಬಂದಿತ್ತು, ಅದನ್ನು ಹಾಗೆ ಮತ್ತೆ ನುಡಿಸಲು ನನಗೆ ಆಗಲೇ ಇಲ್ಲ. ಈಗಲೂ ಕೆಲವು ಕೀಬೋರ್ಡ್‌ಗಳಲ್ಲಿ ಸೇವ್ ಒತ್ತದಿದ್ದರೆ ಹಾಡು ಆಫ್ ಮಾಡುವವರೆಗೆ ಮಾತ್ರ. ಕೀಬೋರ್ಡ್‌ನ ಸ್ವಂತ ಫಾರ್ಮ್ಯಾಟ್‌ನಲ್ಲಿ ಒಂದು, ಸ್ಟ್ಯಾಂಡರ್ಡ್ ಮಿಡಿ ಫೈಲ್ ಆಗಿ ಇನ್ನೊಂದು ಪ್ರತಿ ಇಡಿ. ಮಿಡಿ ಫೈಲ್‌ನಲ್ಲಿ ಟೈಪ್ 1 ಆರಿಸಿ, ಟ್ರ್ಯಾಕ್‌ಗಳು ಬೇರೆ ಬೇರೆಯಾಗಿ ಉಳಿಯುತ್ತವೆ. ಟೈಪ್ 0ದಲ್ಲಿ ಎಲ್ಲ ಒಂದೇ ಟ್ರ್ಯಾಕ್‌ಗೆ ಸೇರಿಹೋಗುತ್ತದೆ.

ಮೊದಲು ಕೇಳಿದವರು, ಮೂರು ದಿನದ ನಂತರ:

ಮೇಡಂ, ಅಳೆದೆ. 240 ಸೆಕೆಂಡು ಬರಬೇಕಾದಲ್ಲಿ 239.922 ಬಂತು. ಭಾಗಿಸಿದರೆ 92.03. ಕಂಪ್ಯೂಟರ್‌ನಲ್ಲಿ ಅದನ್ನೇ ಹಾಕಿದೆ, ಕೊನೆಯ ಬಾರ್‌ವರೆಗೂ ಕಿಕ್ ಒಂದೇ ಕೇಳುತ್ತಿದೆ! ಪಿಯಾನೊವನ್ನು ಡ್ರಮ್ ಪ್ಯಾಟರ್ನ್ ಮೇಲೆ ಹೊಸದಾಗಿ ನುಡಿಸಿ ಸ್ಟ್ರೆಂಗ್ತ್ 60 ಇಟ್ಟೆ, ನನ್ನ ಕೈ ಅಂತ ಗುರುತು ಸಿಗುತ್ತಿದೆ. ಎರಡು ವಿಷಯ ಉಳಿದಿವೆ. ಕೀಬೋರ್ಡ್‌ನಲ್ಲಿ ಎಡ, ಬಲ ಎರಡೇ ಔಟ್‌ಪುಟ್ ಇರುವುದರಿಂದ ಒಂದೊಂದೇ ಟ್ರ್ಯಾಕ್ ತೆಗೆದುಕೊಳ್ಳುತ್ತಿದ್ದೇನೆ, ಪ್ರತಿ ಸಲ ಶುರು ಬೇರೆ ಬೇರೆ ಜಾಗದಲ್ಲಿ ಬರುತ್ತದೆ. ಮತ್ತೆ ಹಾಡಿನ ಕೊನೆಯ ಎರಡು ಬಾರ್ ನಿಧಾನವಾಗಿ ಇಳಿಯಬೇಕು, ಕ್ಲಿಕ್ ಇಟ್ಟುಕೊಂಡು ಅದು ಹೇಗೆ?

ಉತ್ತರ:

239.922 ಎಂದರೆ 78 ಮಿಲಿಸೆಕೆಂಡು, 16ನೇ ಸ್ವರದ ಹತ್ತಿರ ಹತ್ತಿರ ಅರ್ಧ. ಎರಡು ಸಲ ಬಡಿದಂತೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಇಷ್ಟು ನಿಖರವಾಗಿ ಅಳೆದು ಬರೆದಿದ್ದೀರಿ, ತುಂಬ ಖುಷಿಯಾಯಿತು.

ಖಾಲಿ ಬಿಟ್ಟ ಮೊದಲ ಬಾರ್ ಈಗ ಮತ್ತೆ ಕೆಲಸಕ್ಕೆ ಬರುತ್ತದೆ. ಅದರ ಮೊದಲ ಬೀಟ್‌ಗೆ ಚುರುಕಾದ ಒಂದು ಸ್ಟಿಕ್ ಸದ್ದು ಇಡಿ. ಯಾವ ಟ್ರ್ಯಾಕ್ ತೆಗೆಯುವಾಗಲೂ ಆ ಸದ್ದು ಜೊತೆಗೆ ಬರಲಿ. ಕಂಪ್ಯೂಟರ್‌ನಲ್ಲಿ ಎಲ್ಲ ಟ್ರ್ಯಾಕ್‌ಗಳ ಸ್ಟಿಕ್ ಸದ್ದನ್ನು ಒಂದರ ಕೆಳಗೊಂದು ನೇರ ತಂದು ಕೂರಿಸಿ, ಆಮೇಲೆ ಕತ್ತರಿಸಿಬಿಡಿ. ಪ್ರತಿ ಸಲವೂ ಓಡುವುದು ಅದೇ ಎರಡು ಗಡಿಯಾರ, ಆದ್ದರಿಂದ ಶುರು ಹೊಂದಿದರೆ ಕೊನೆಯೂ ಹೊಂದುತ್ತದೆ.

ಕೊನೆಯ ಇಳಿತಕ್ಕೆ ಸೀಕ್ವೆನ್ಸರ್‌ನ ಟೆಂಪೊ ಟ್ರ್ಯಾಕ್ ಬಳಸಿ. ಒಂದೇ ಸಮ ಇಳಿಸಿದರೆ ಯಂತ್ರಕ್ಕೆ ದಣಿವಾದ ಹಾಗೆ ಕೇಳುತ್ತದೆ. ಮೊದಲು ಸ್ವಲ್ಪ, ಕೊನೆಗೆ ಜಾಸ್ತಿ: ಎರಡೆರಡು ಬೀಟ್‌ಗೆ 91, 88, 83, 75 ಹೀಗೆ ಬರೆದು ನೋಡಿ, ನಿಮ್ಮ ಹಾಡಿಗೆ ತಕ್ಕಂತೆ ತಿದ್ದಿಕೊಳ್ಳಿ. ಈಗ ನಿಮ್ಮ ಕೀಬೋರ್ಡ್ ತನ್ನ ಸ್ವಂತ ಗಡಿಯಾರದಲ್ಲೇ ಓಡುತ್ತಿರುವುದರಿಂದ ಇದು ನಡೆಯುತ್ತದೆ. ಮುಂದೆ ಕಂಪ್ಯೂಟರನ್ನು ಯಜಮಾನ ಮಾಡಿದರೆ ಈ ಅಂಕಿಗಳನ್ನು ಅಲ್ಲಿಯೇ ಬರೆಯಬೇಕು. ಡ್ರಮ್ ಲೂಪನ್ನು ಇಳಿತ ಶುರುವಾಗುವ ಬಾರ್‌ಗೆ ಮುಂಚೆಯೇ ನಿಲ್ಲಿಸಿ. ಆದರೆ ಹಾಡುವವರ ಹೆಡ್‌ಫೋನ್‌ನಲ್ಲಿ ಸೀಕ್ವೆನ್ಸರ್‌ನ ಕ್ಲಿಕ್ ಕೊನೆಯ ಕಾರ್ಡ್ ಬೀಳುವವರೆಗೂ ಇರಲಿ, ಎಲ್ಲಿ ಇಳಿಯಬೇಕೆಂದು ಅವರಿಗೆ ತಿಳಿಯುವುದು ಅದರಿಂದಲೇ.