98 ಡಿಗ್ರಿಯಲ್ಲಿ ಸಿಕ್ಕಿಬಿದ್ದೆ

ಕಂಪ್ಯೂಟರ್ ಯಾಕೋ ಬಿಸಿಯಾಗ್ತಿದೆ, ಬಂದು ನೋಡ್ರೋ ಅಂದಿದ್ದೇ ತಪ್ಪಾಯ್ತು. ಭಾನುವಾರ ಬೆಳಿಗ್ಗೆ ಮೂರೂ ಜನ ಹಾಜರ್. ಇದ್ದ ಒಂದೇ ಒಳ್ಳೆ ಕುರ್ಚಿ ಮೇಷ್ಟ್ರ ಪಾಲಾಯಿತು, ಪಂಡಿತ ಮಂಚದ ತುದಿಗೆ ಕೂತ, ಕಿಟ್ಟಿ ನನ್ನ ಹೆಗಲ ಮೇಲೇ ಬಾಗಿ ನಿಂತ. ಫ್ಯಾನು ಹಿಟ್ಟಿನ ಗಿರಣಿ ಥರ ಅರಚ್ತಿದ್ದರಿಂದ ಎಲ್ಲರೂ ಕೂಗಿಕೊಂಡೇ ಮಾತಾಡಬೇಕಾಯಿತು.

“ಎಷ್ಟಿದೆ ಟೆಂಪರೇಚರು?”

“98.”

“ಅಷ್ಟೇನಾ? ನಮಗೂ ಅಷ್ಟೇ ಇರುತ್ತಲ್ಲೋ. ನಾರ್ಮಲ್,” ಅಂದ ಕಿಟ್ಟಿ.

“ಅದು ಫ್ಯಾರನ್‌ಹೀಟು ಕಣೋ. ಇದು ಸೆಲ್ಸಿಯಸ್ಸು. ಇನ್ನೆರಡು ಏರಿದರೆ ನೀರು ಕುದಿಯುತ್ತೆ.”

ಪಂಡಿತ ಗಂಟಲು ಸರಿಮಾಡಿಕೊಂಡ. ಅವನ ವೈದ್ಯದಲ್ಲಿ ಎಲ್ಲ ಕಾಯಿಲೆಗೂ ಮದ್ದು ಒಂದೇ, ಹೊಸದು ತಗೋ. “ಲಿಕ್ವಿಡ್ ಕೂಲರ್ ಹಾಕ್ಸು. ಕೇಸೂ ಬದಲಾಯಿಸು. ಹಾಗೇ ಪ್ರೊಸೆಸರೂ...”

“ಸ್ವಲ್ಪ ತಡಿಯಪ್ಪ,” ಅಂದರು ಮೇಷ್ಟ್ರು. “ಇದು ಕಾಯಿಲೆ ಹೌದೋ ಅಲ್ವೋ ಅದನ್ನ ಮೊದಲು ನೋಡೋಣ. ರೈಜನ್ 7950ಎಕ್ಸ್ ಥರದ ಪ್ರೊಸೆಸರುಗಳು ಪೂರ್ತಿ ದುಡಿಯುವಾಗ 95ಕ್ಕೆ ಹೋಗಿ ನಿಲ್ತವೆ, ಎಎಂಡಿಯವರು ಮಾಡಿರೋದೇ ಹಾಗೆ. ಇಂಟೆಲ್‌ನಲ್ಲಿ ಬಹಳಷ್ಟಕ್ಕೆ 100 ಮಿತಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತೆ, ಕೂಡಲೇ ಸುಟ್ಟೇನೂ ಹೋಗಲ್ಲ. ನಿಂದು ಯಾವುದು? ಏನು ಮಾಡ್ತಿದ್ದೆ?”

“ಇಂಟೆಲ್ ಸಾರ್. ವಿಡಿಯೋ ನೋಡ್ತಿದ್ದೆ.”

“ಅಷ್ಟು ಹಗುರ ಕೆಲಸಕ್ಕೆ ಇಷ್ಟು ಬಿಸಿಯಾ? ಹಾಗಾದ್ರೆ ಕಾಯಿಲೆಯೇ.”

ಕಿಟ್ಟಿಗೆ ಹೊಳೆಯಿತು. “ವೈರಸ್! ಕದ್ದು ಬಿಟ್‌ಕಾಯಿನ್ ಗಣಿಗಾರಿಕೆ ಮಾಡೋವು ಇರ್ತವೆ. ಟಾಸ್ಕ್ ಮ್ಯಾನೇಜರ್ ತೆಗೆದ ತಕ್ಷಣ ಕೆಲವು ಅಡಗಿಕೊಳ್ತವೆ.” ಎಲ್ಲ ಮುಚ್ಚಿ, ಯಾವ ಪ್ರೋಗ್ರಾಂ ಎಷ್ಟು ದುಡೀತಿದೆ ಅಂತ ತೋರಿಸೋ ಆ ಟಾಸ್ಕ್ ಮ್ಯಾನೇಜರ್ ತೆಗೆದೆ. ಪ್ರೊಸೆಸರ್ ಬಳಕೆ ಬರೀ 4 ಶೇಕಡಾ. “ನೋಡಿದ್ಯಾ, ಅಡಗಿಕೊಂಡ್ತು!” ಅಂತ ಕುಣಿದ. ಕಂಡರೂ ಸಾಕ್ಷಿ, ಕಾಣದಿದ್ದರೂ ಸಾಕ್ಷಿ. ಇಂಥವನ ಹತ್ತಿರ ವಾದ ಮಾಡೋದು ಹೇಗೆ? ಮೇಷ್ಟ್ರು ವಾದ ಮಾಡಲಿಲ್ಲ, ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗಲೇ ಸಿಗೋ ಸೆಟ್ಟಿಂಗ್ಸ್ ಪರದೆಗೆ, ಹೋಗೋಕೆ ಹೇಳಿದರು. ಅಲ್ಲಿ ವಿಂಡೋಸೇ ಇನ್ನೂ ಎದ್ದಿರಲ್ಲ, ಅದರೊಳಗಿನ ಕಳ್ಳ ಎಲ್ಲಿಂದ ಬರಬೇಕು? ಬಯೋಸ್‌ನಲ್ಲಿ 84 ಇತ್ತು. ವಿದ್ಯುತ್ ಉಳಿಸೋ ಏರ್ಪಾಡು ಅಲ್ಲಿ ಸರಿಯಾಗಿ ನಡೆಯದ ಕಾರಣ ಸ್ವಲ್ಪ ಜಾಸ್ತಿ ತೋರಿಸೋದು ಸಹಜವಂತೆ. ಆದರೆ ಇಷ್ಟಲ್ಲ.

“ಧೂಳು,” ಅಂತ ಪಂಡಿತ ಕೇಸಿನ ಪಕ್ಕದ ತಗಡು ಕಳಚಿದ. ನನಗೆ ಅಲ್ಲಿಂದ ಎದೆ ಡವಡವ ಶುರುವಾಯಿತು.

ಮೇಷ್ಟ್ರು ಮೊಬೈಲ್ ಟಾರ್ಚ್ ಬಿಟ್ಟರು. ಮೂಲೆಮೂಲೆಯಲ್ಲೂ ಬೆರಳು ದಪ್ಪ ಧೂಳು, ಪ್ರೊಸೆಸರಿನ ಶಾಖ ಹೀರೋ ಲೋಹದ ಹೀಟ್‌ಸಿಂಕ್ ಮಾತ್ರ ಮದುವೆ ಗಂಡಿನ ಥರ ಫಳಫಳ.

“ಇದನ್ನ ಬಿಚ್ಚಿದ್ಯಾ?”

“ಇಲ್ಲ ಸಾರ್.”

“ಹ್ಞೂಂ.” ತಗಡು ತೆಗೆದೇ ಓಡಿಸಿದರೂ ಬಿಸಿ ಒಂದು ಡಿಗ್ರಿ ಇಳಿಯಲಿಲ್ಲ. ಅಂದರೆ ಕೇಸಿನೊಳಗೆ ಗಾಳಿ ಆಡದಿರೋದು ಕಾರಣ ಅಲ್ಲ. ಆಮೇಲೆ ಪ್ರೊಸೆಸರನ್ನ ಪೂರ್ತಿ ದುಡಿಸಿ ಪರೀಕ್ಷಿಸೋ ಸಿನಿಬೆಂಚ್ ಹಚ್ಚಿ, ಪಕ್ಕದಲ್ಲಿ ಗ್ರಾಫ್ ಇಟ್ಟುಕೊಂಡರು. 62ರಲ್ಲಿದ್ದ ಗೆರೆ ಎರಡೇ ಸೆಕೆಂಡಿಗೆ ಗೋಡೆ ಹತ್ತಿದ ಹಲ್ಲಿಯಂತೆ ನೆಟ್ಟಗೆ 99ಕ್ಕೆ ಹೋಯಿತು.

“ಧೂಳೋ ಗಾಳಿಯೋ ಆಗಿದ್ದರೆ ನಿಧಾನಕ್ಕೆ ಏರ್ತಿತ್ತು. ಮೊದಲು ಇಷ್ಟು ದೊಡ್ಡ ಲೋಹ ಕಾಯಬೇಕಲ್ಲ, ಅದಕ್ಕೆ ನಿಮಿಷಗಳೇ ಹಿಡಿಯುತ್ತೆ. ಹೀಗೆ ಛಂಗನೆ ನೆಗೆದರೆ ಪ್ರೊಸೆಸರಿನ ಶಾಖ ಹೀಟ್‌ಸಿಂಕಿಗೆ ದಾಟ್ತಾನೇ ಇಲ್ಲ ಅಂತ. ಮುಟ್ಟಿ ನೋಡು.”

ಕಿಟ್ಟಿ ಹೀಟ್‌ಸಿಂಕ್ ಮುಟ್ಟಿದ. “ಅರೆ, ತಣ್ಣಗಿದೆ!”

“ಕೆಳಗಿನವನು ಕೊತಕೊತ, ಮೇಲಿನವನು ತಣ್ಣಗೆ. ಇಬ್ಬರಿಗೂ ಮಾತು ಬಿಟ್ಟಿದೆ.” ಮೇಷ್ಟ್ರು ಕನ್ನಡಕದ ಮೇಲಿಂದ ನನ್ನ ನೋಡಿದರು. “ಈಗ ಹೇಳು.”

ಹೇಳಿದೆ. ಹದಿನೈದು ದಿನದ ಹಿಂದೆ ಧೂಳು ಹೊಡೆಯೋಕೆ ಅಂತ ಕೂಲರ್, ಅಂದರೆ ಹೀಟ್‌ಸಿಂಕೂ ಫ್ಯಾನೂ ಸೇರಿದ್ದನ್ನ, ಬಿಚ್ಚಿದ್ದೆ.

“ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಬಳಿಯೋ ಪೇಸ್ಟು?”

“ಹಳೇದು ಇನ್ನೂ ಇತ್ತಲ್ಲ ಸಾರ್, ಯಾಕೆ ದಂಡ ಅಂತ ಅದರ ಮೇಲೇ ಒತ್ತಿ ಕೂರಿಸಿದೆ.”

ಪಂಡಿತ ಹಣೆ ಚಚ್ಚಿಕೊಂಡ. ಮೇಷ್ಟ್ರು ಏನೂ ಅನ್ನದೆ ಟಾರ್ಚನ್ನು ಕೂಲರಿನ ಕಾಲುಗಳ ಕಡೆ ತಿರುಗಿಸಿದರು. ನಾಲ್ಕು ಪ್ಲಾಸ್ಟಿಕ್ ಕಾಲು. ಮೂರು ಬೋರ್ಡಿನೊಳಗೆ ಕಚ್ಚಿ ಕೂತಿದ್ದವು, ನಾಲ್ಕನೆಯದು ಕಂಬ ಕಂಡ ನಾಯಿಯ ಹಾಗೆ ಎತ್ತಿಕೊಂಡಿತ್ತು. “ಕರ್ಣದ ಎದುರುಬದುರು ಕಾಲುಗಳನ್ನ ಜೋಡಿಯಾಗಿ ಒತ್ತಬೇಕು. ಕಟಕ್ ಅಂತ ಸದ್ದು ಬರಬೇಕು. ಎಷ್ಟು ಸಲ ಬಂತು?” ನಾನು ಎಣಿಸಿರಲಿಲ್ಲ.

ಪ್ಲಗ್ ಕಿತ್ತು ಕೂಲರ್ ಎತ್ತಿದರೆ ಪೇಸ್ಟು ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. “ಎಎಂಡಿಯ ಎಎಂ4 ಸಾಕೆಟ್ ಆಗಿದ್ದಿದ್ರೆ ಒಣಗಿದ ಪೇಸ್ಟಿಗೆ ಅಂಟಿ ಪ್ರೊಸೆಸರೇ ಸಾಕೆಟ್ಟಿಂದ ಕಿತ್ಕೊಂಡು ಬರಬಹುದಿತ್ತು. ಅದನ್ನ ಸ್ವಲ್ಪ ಬಿಸಿ ಮಾಡಿ, ಮೆಲ್ಲಗೆ ತಿರುಚಿ ತೆಗೀಬೇಕು,” ಅಂದರು ಮೇಷ್ಟ್ರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡೂ ಕಡೆ ಒರೆಸಿದ್ದಾಯಿತು. ಹೊಸ ಟ್ಯೂಬು ಪಂಡಿತನ ಚೀಲದಲ್ಲೇ ಇತ್ತು. ಯಾರ ಮೇಲಾದರೂ ಪ್ರಯೋಗಿಸಬೇಕು ಅಂತ ವರ್ಷದಿಂದ ಹೊತ್ತು ತಿರುಗ್ತಿದ್ದನಂತೆ. ಅಷ್ಟನ್ನೂ ಬಳಿಯೋಕೆ ಹೊರಟವನ ಕೈ ಮೇಷ್ಟ್ರು ಹಿಡಿದರು.

“ಗೋಡೆಗೆ ಸುಣ್ಣ ಹೊಡೀತಿದ್ದೀಯಾ? ಬಟಾಣಿ ಕಾಳಿನಷ್ಟು, ನಡುವೆ. ಲೋಹಕ್ಕಿಂತ ಚೆನ್ನಾಗಿ ಪೇಸ್ಟು ಶಾಖ ಸಾಗಿಸಲ್ಲಪ್ಪ. ಎರಡು ಲೋಹದ ಮಧ್ಯೆ ಕಣ್ಣಿಗೆ ಕಾಣದ ತಗ್ಗುಗಳಲ್ಲಿ ಗಾಳಿ ಕೂತಿರುತ್ತಲ್ಲ, ಅದನ್ನ ಎಬ್ಬಿಸಿ ಓಡಿಸೋಕಷ್ಟೇ ಅದು.”

ಕಟಕ್, ಕಟಕ್, ಕಟಕ್, ಕಟಕ್. ಈ ಸಲ ನಾಲ್ಕೂ ಜನ ಗಟ್ಟಿಯಾಗಿ ಎಣಿಸಿದೆವು.

ಮತ್ತೆ ಸಿನಿಬೆಂಚ್. ಹತ್ತು ನಿಮಿಷ ಕಳೆದರೂ 71 ದಾಟಲಿಲ್ಲ. “ವೈರಸ್ ಹೆದರಿ ಓಡಿಹೋಯ್ತು,” ಅಂದ ಕಿಟ್ಟಿ. ಪರೀಕ್ಷೆ ಮುಗೀತಿದ್ದಂತೆ ಫ್ಯಾನಿನ ಅರಚಾಟವೂ ಅಡಗಿತು. ಅಷ್ಟು ದಿನದ ಮೇಲೆ ಕೋಣೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಕೇಸಿನ ತಳದಿಂದ ಒಂದು ಸಣ್ಣ ಸದ್ದು. ಟಿಕ್... ಟಿಕ್... ಟಕ್.

“ಹಾರ್ಡ್ ಡಿಸ್ಕು,” ಅಂದರು ಮೇಷ್ಟ್ರು. “ಬ್ಯಾಕಪ್ ಇದೆಯಾ?”

“ಇದೆ ಸಾರ್,” ಅಂದೆ.

ಮೂವರೂ ತಿರುಗಿ ನನ್ನ ಮುಖ ನೋಡಿದರು.